ಉಪಚಾರ ಬಾರದ ಮಾವ

ಗುಬ್ಬಿಯ ನಮ್ಮ ಅಜ್ಜಿಯ ಮನೆಯಲ್ಲಿ ಬಂದವರಿಗೆ ಕಾಫಿ ಕೊಡುವುದಕ್ಕೆ ಒಂದು ಕ್ರಮವಿತ್ತು. ಬಂದವರು 'ಬೇಡಿ, ಈಗ ತಾನೇ ಕುಡಿದು ಬಂದೆ' ಎನ್ನಬೇಕು. ಅಜ್ಜಿ 'ಅದೆಲ್ಲ ಆಗಲ್ಲ' ಎನ್ನಬೇಕು. ಬಂದವರು ಎದ್ದು ಹೊರಟಂತೆ ಮಾಡಬೇಕು, ಅಜ್ಜಿ ಬಾಗಿಲಿಗೆ ಅಡ್ಡ ನಿಲ್ಲಬೇಕು. ಕೊನೆಗೆ 'ನಿಮ್ಮ ಬಲವಂತಕ್ಕೆ ಅರ್ಧ ಲೋಟ ಕೊಡಿ' ಎಂದು ಅವರು ಸೋಲಬೇಕು. ಅಜ್ಜಿ ತುಂಬಿದ ಲೋಟ ತರಬೇಕು. ಇದರಲ್ಲಿ ಯಾವುದನ್ನು ಬಿಟ್ಟರೂ ಯಾರಾದರೊಬ್ಬರಿಗೆ ಅವಮಾನವಾಗುತ್ತಿತ್ತು.

ಮಾವನಿಗೆ ಇದು ತಿಳಿಯುತ್ತಿರಲಿಲ್ಲ. ಅವನು ನನ್ನ ಅಮ್ಮನ ತಮ್ಮ, ಆಗ ಇಪ್ಪತ್ತೈದರ ಆಸುಪಾಸು. ಒಂದು ದಿನ ಎದುರು ಮನೆಯ ಮೇಷ್ಟ್ರು ಬಂದಾಗ ಅಜ್ಜಿ ಅವನ ಕೈಯಲ್ಲಿ ಕಾಫಿ ಕಳಿಸಿದಳು. ಮೇಷ್ಟ್ರು 'ಬೇಡಪ್ಪ' ಎಂದರು. ಮಾವ ಅಲ್ಲೇ ನಿಂತು, ಆ ಕಾಫಿಯನ್ನು ತಾನೇ ನಿಧಾನವಾಗಿ ಕುಡಿದು, ಲೋಟವನ್ನು ಬಚ್ಚಲಿಗೆ ಹಾಕಿ ಬಂದ. ಮೇಷ್ಟ್ರು ಕೊನೆಯ ಗುಟುಕಿನವರೆಗೂ ನೋಡುತ್ತ ಕೂತಿದ್ದರು.

"ಏನ್ಲಾ ಮಾಡ್ದೆ?" ಎಂದಳು ಅಜ್ಜಿ.

"ಬೇಡ ಅಂದ್ರು."

"ಬೇಡ ಅಂದ್ರೆ ಬೇಡ ಅಂತ ಏನ್ಲಾ?"

ಮಾವ ಈ ಪ್ರಶ್ನೆಯನ್ನು ಬಹಳ ಹೊತ್ತು ಯೋಚಿಸಿದ. ಆಮೇಲೆ "ಹೂಂ" ಎಂದ.

ಇದನ್ನು ನಾನು ಕಣ್ಣಾರೆ ಕಂಡೆನೋ, ನಮ್ಮ ಮನೆಯಲ್ಲಿ ಹೇಳಿ ಹೇಳಿ ನನಗೆ ಕಂಡ ಹಾಗಾಗಿದೆಯೋ ಗೊತ್ತಿಲ್ಲ. ಮೇಷ್ಟ್ರ ಜಾಗದಲ್ಲಿ ಕೆಲವು ಸಲ ಪೋಸ್ಟ್‌ಮ್ಯಾನ್ ಕೂತಿರುತ್ತಾನೆ. ಕಾಫಿ ಕುಡಿಯುವವನು ಮಾತ್ರ ಯಾವಾಗಲೂ ಮಾವನೇ.

ಇಂಥವರಿಗೆ ಇವತ್ತು ಆಟಿಸಂ ಎಂಬ ಹೆಸರಿದೆ. ಎಪ್ಪತ್ತರ ದಶಕದ ಗುಬ್ಬಿಯಲ್ಲಿ ಇದ್ದದ್ದು ಬೇರೆ ಹೆಸರುಗಳು. ಬೀದಿಯವರು 'ಒಂಥರಾ' ಎನ್ನುತ್ತಿದ್ದರು. ಸ್ವಲ್ಪ ಧಾರಾಳಿಗಳು 'ಪಾಪ' ಎನ್ನುತ್ತಿದ್ದರು. ಅವನಿಗೆ ಕೇಳುವ ಹಾಗೆಯೇ 'ಅರೆಹುಚ್ಚ' ಎಂದವರೂ ಇದ್ದರು. ಅವನು ಕಿವುಡ ಎಂದುಕೊಂಡಿದ್ದರೇನೋ. ಬಹಳ ವರ್ಷಗಳ ಮೇಲೆ, ಬೇರೆ ಯಾರದೋ ಮಗುವಿನ ವಿಷಯವಾಗಿ ಡಾಕ್ಟರೊಬ್ಬರು ಮಾತಾಡುವುದನ್ನು ಕೇಳುತ್ತಿದ್ದಾಗ ನನಗೆ, ಅರೆ, ಇವರು ನಮ್ಮ ಮಾವನ ವಿಷಯ ಹೇಳುತ್ತಿದ್ದಾರಲ್ಲ ಅನ್ನಿಸಿತು. ಆದರೂ ಆ ಪದವನ್ನು ಅಷ್ಟು ಹಿಂದಕ್ಕೆ ಒಯ್ದು ಅವನ ಮೇಲೆ ಅಂಟಿಸಲು ಹಿಂಜರಿಯುತ್ತೇನೆ. ಅಂಟಿಸಿದ ಕೂಡಲೇ ಎಲ್ಲ ನೆನಪುಗಳೂ ಒಳ್ಳೆಯ ವಿದ್ಯಾರ್ಥಿಗಳ ಹಾಗೆ ಸಾಲಾಗಿ ನಿಂತು ಅದಕ್ಕೆ ಸಾಕ್ಷಿ ಹೇಳತೊಡಗುತ್ತವೆ. ಅವನು ಮುಖ ನೋಡದೆ ಕಿವಿ ನೋಡಿ ಮಾತಾಡುತ್ತಿದ್ದ, ಕುಕ್ಕರ್ ಕೂಗಿದರೆ ಹಿತ್ತಲಿಗೆ ಓಡುತ್ತಿದ್ದ, ಅನ್ನವನ್ನೂ ಸಾರನ್ನೂ ಬೇರೆ ಬೇರೆ ಉಣ್ಣುತ್ತಿದ್ದ. ಎಲ್ಲ ನಿಜ. ಆದರೆ ಅವನು ನಗುತ್ತಿದ್ದುದು ಯಾವ ಸಾಲಿಗೆ ಸೇರುತ್ತದೆ? ಮನೆಯಲ್ಲಿ ಜಗಳ ಕಾವೇರಿದಾಗ ರೇಡಿಯೋದವರ ಗಂಭೀರ ದನಿಯಲ್ಲಿ "ರಾಜ್ಯದ ಒಳನಾಡಿನಲ್ಲಿ ಒಣಹವೆ ಮುಂದುವರಿಯಲಿದೆ" ಎಂದು ಹೇಳಿ, ತಾನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಜಗಳವಾಡುವವರಿಗೂ ನಗು ಬಂದು ಜಗಳ ಹಾಳಾಗುತ್ತಿತ್ತು.

ಅವನನ್ನು ಬೇರೆಯಾಗಿ ಕಾಣುತ್ತಾರೆ ಎಂಬುದು ನನಗೆ ಬೈಗುಳಗಳಿಂದ ತಿಳಿದದ್ದಲ್ಲ, ಒಂದು ತಮಾಷೆಯಿಂದ ತಿಳಿದದ್ದು. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ಇತ್ತು. ಕೊಡಲಿ ಬಿಡಲಿ, ಸೋದರಮಾವ ಇರುವ ಪ್ರತಿ ಹುಡುಗಿಯನ್ನೂ 'ನೋಡೇ, ನಿನ್ ಗಂಡ ಬಂದ' ಎಂದು ರೇಗಿಸುತ್ತಿದ್ದರು. ನನ್ನ ಗೆಳತಿಯರೆಲ್ಲ ಈ ಕಾಟಕ್ಕೆ ಸಿಟ್ಟಾಗಿ ಅಳುತ್ತಿದ್ದರು. ನನ್ನನ್ನು ಯಾರೂ ಒಮ್ಮೆಯೂ ರೇಗಿಸಲಿಲ್ಲ. ಎಲ್ಲ ಮಾವಂದಿರಿಗೂ ಪುಕ್ಕಟೆ ಸಿಗುವ ತಮಾಷೆಯಲ್ಲಿ ಕೂಡ ಅವನಿಗೆ ಜಾಗವಿರಲಿಲ್ಲ.

ಅವನಿಗೆ ಜಾಗ ಕೊಟ್ಟವಳು ಚಿಕ್ಕಮ್ಮ. ಅಮ್ಮನ ಕೊನೆಯ ತಂಗಿ. ಮಾವನಿಗಿಂತ ಸ್ವಲ್ಪವೇ ಚಿಕ್ಕವಳು. ಅವನ ಬೆನ್ನಿಗೇ ಬೆಳೆದವಳು. "ನನ್ ಮದ್ವೇಲಿ ನೀನೇ ಬಡಿಸ್ಬೇಕು ಕಣಣ್ಣ" ಎಂದು ಯಾವಾಗಲೋ ಹೇಳಿದ್ದಳಂತೆ. ಯಾವಾಗ ಎಂದು ಕೇಳಿದರೆ ಒಂದು ಸಲ ಬಾವಿಕಟ್ಟೆ ಎನ್ನುತ್ತಾಳೆ, ಒಂದು ಸಲ ಹುಣಸೆಮರದ ಕೆಳಗೆ ಎನ್ನುತ್ತಾಳೆ. ಮಾತಿಗೆ ಬಂದು ಹೇಳಿದ ಮಾತು ಅದು. ಆದರೆ ಮಾವನಿಗೆ ಹೇಳಿದ ಮಾತು ಎಂದರೆ ಆದ ಕೆಲಸ. ಅವಳಿಗೆ ಗಂಡು ಗೊತ್ತಾದ ದಿನದಿಂದ ಅವನು ಎಲ್ಲರ ಕಿವಿ ನೋಡಿಕೊಂಡು "ನಾನ್ ಬಡಿಸ್ತೀನಿ" ಎನ್ನತೊಡಗಿದ.

ಬಡಿಸುವುದನ್ನು ಅವನು ಕಲಿತ ಬಗೆ ವಿಚಿತ್ರ. ಮನೆಗೆ ಹೆಣ್ಣು ನೋಡಲು ಯಾರಾದರೂ ಬಂದರೆ, ನಾಮಕರಣವೋ ನಿಶ್ಚಿತಾರ್ಥವೋ ಇದ್ದರೆ, ಅವನನ್ನು ಮನೆಯಿಂದ ಸಾಗಿಸುತ್ತಿದ್ದರು. ಮೊದಲು ಚೇಳೂರಿನ ತೋಟಕ್ಕೆ ಕಳಿಸುತ್ತಿದ್ದರು. ಅಲ್ಲಿಂದ ಅವನು ಗುಬ್ಬಿ ಬಸ್ಸು ಹತ್ತಿ, ಬಂದವರು ಉಪ್ಪಿಟ್ಟು ತಿನ್ನುತ್ತಿರುವಾಗಲೇ ವಾಪಸ್ಸು ಬಂದುಬಿಡುತ್ತಿದ್ದ. ಹಾಗಾಗಿ ದೂರದ ಯಡಿಯೂರು ಆರಿಸಿದರು. ಅಲ್ಲಿ ಅಜ್ಜಿಯ ಅಕ್ಕ ಇದ್ದಳು, ನಮಗೆಲ್ಲ ಯಡಿಯೂರಜ್ಜಿ. ಅವಳ ಮನೆಯಿಂದ ದೇವಸ್ಥಾನಕ್ಕೆ ನಾಲ್ಕು ಹೆಜ್ಜೆ. ದೇವಸ್ಥಾನದ ದಾಸೋಹದಲ್ಲಿ ದಿನಾ ಜನ ಸಾಲಾಗಿ ಕೂರುತ್ತಾರೆ. ಸಾಲು ಎಂದರೆ ಮಾವನಿಗೆ ಪ್ರಾಣ. ಒಂದು ದಿನ ನೋಡುತ್ತ ನಿಂತವನ ಕೈಗೆ ಯಾರೋ ಬಕೆಟ್ಟು ಕೊಟ್ಟರು. ಅಷ್ಟೇ. ನಾವು ಅವನನ್ನು ಯಾರಿಗೂ ಕಾಣದಂತೆ ಇಡಲು ಕಳಿಸಿದ ಊರಿನಲ್ಲಿ ಅವನು ನೂರಾರು ಜನರ ಮುಂದೆ ಸೌಟು ಹಿಡಿದು ಓಡಾಡುತ್ತಿದ್ದ.

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿತ್ತು. ನಾನು ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಚಿಕ್ಕಮ್ಮನಿಗೆ ಗೊತ್ತಾದ ಗಂಡು ತುಮಕೂರಿನವನೇ. ಶಿರಾ ಗೇಟಿನಲ್ಲಿ ಅವರದು ಕಬ್ಬಿಣದ ಸಾಮಾನಿನ ಅಂಗಡಿ. ಹುಡುಗಿಯ ಕಡೆ ಇನ್ನೊಬ್ಬ ಅಣ್ಣ ಇದ್ದಾನೆ, ತೋಟ ನೋಡಿಕೊಳ್ಳುತ್ತಾನೆ ಎಂದು ಅವರಿಗೆ ಹೇಳಲಾಗಿತ್ತು. ತೋಟ ಅವನನ್ನು ನೋಡಿಕೊಳ್ಳಲು ಸೋತಿದ್ದ ಕತೆ ಹೇಳಿರಲಿಲ್ಲ. ಇಂಥ ಅಣ್ಣ ಇದ್ದಾನೆಂದು ತಿಳಿದರೆ, ನಾಳೆ ಹುಟ್ಟುವ ಮಕ್ಕಳು ಹೇಗಿರುತ್ತವೋ ಎಂದು ಅವರು ಹಿಂದೆ ಸರಿಯುತ್ತಾರೆ ಎಂಬ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು. ಹೆದರಿಕೆ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಹಾಗಾಗಿ ಮದುವೆಯ ಹಿಂದಿನ ದಿನ ಬೆಳಿಗ್ಗೆ ದೊಡ್ಡ ಮಾವ ನನ್ನನ್ನು ಕರೆದರು. ಅವರು ಮನೆಯ ಹಿರಿಯ ಮಗ, ಯಜಮಾನಿಕೆ ಅವರದು.

"ನೋಡಮ್ಮ, ಇವನ್ನ ಯಡಿಯೂರ್ಗೆ ಬುಟ್ಟು ಬಾ. ಬೀಗ್ರು ಸಂಜೆ ಬರ್ತಾರೆ, ಅಷ್ಟೊತ್ಗೆ ನೀನು ಇಲ್ಲಿರ್ಬೇಕು."

"ಯಡಿಯೂರಜ್ಜಿ ಮದ್ವೆಗೆ ಬರಲ್ವಾ?"

"ಕರಿಯಕ್ಕೆ ನಾನೇ ಹೋಗಿದ್ನಲ್ಲ. ಮಂಡಿ ನೋವು, ನನ್ನ ಬುಟ್ಬುಡಪ್ಪ, ಬರಾಕಾಗಲ್ಲ ಅಂದ್ರು."

"ನೀವೇನಂದ್ರಿ?"

"ನಾನೇನಂತೀನಿ? ಬರ್ಲೇಬೇಕು, ನೀವಿಲ್ದೆ ಧಾರೆನೇ ಆಗಲ್ಲ ಅಂದೆ. ಹಂಗಂತ ಅವ್ರೇನ್ ಬರ್ತಾರಾ?"

ಚಿಕ್ಕಮ್ಮ ಅರಿಶಿನ ಹಚ್ಚಿಕೊಂಡು ಒಳಗೆ ಕೂತಿದ್ದಳು. ಮಾವ ಹೊರಡುವಾಗ ಬಾಗಿಲಿಗೆ ಬಂದು ನಿಂತಳು. ಏನೂ ಹೇಳಲಿಲ್ಲ. ಹೇಳಿದಳು ಎಂದು ಅಮ್ಮ ಹೇಳುತ್ತಾಳೆ, ಗಲಾಟೆ ಮಾಡಿದಳು, ಅಣ್ಣ ಇಲ್ಲದಿದ್ದರೆ ಹಸೆಮಣೆ ಏರುವುದಿಲ್ಲ ಎಂದಳು ಎಂದು. ನನ್ನ ಕಿವಿಯಲ್ಲಿ ಅಂಥ ಮಾತಿಲ್ಲ. ಮುಖದ ಅರಿಶಿನದ ಮೇಲೆ ನೀರಿಳಿದ ಗೆರೆಯೊಂದು ಇದೆ. ಅದು ಬೆವರೂ ಇರಬಹುದು.

ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್, ಕುಣಿಗಲ್ಲಿನಿಂದ ಯಡಿಯೂರು. ದಾರಿಯುದ್ದಕ್ಕೂ ಮಾವ ಒಂದೇ ಪ್ರಶ್ನೆ ಕೇಳಿದ. "ಬಡಿಸೋದು ಯಾರು?" ನಾನು 'ಹುಡುಗರಿದ್ದಾರೆ' ಎಂದೆ. 'ನೋಡೋಣ' ಎಂದೆ. 'ನಾಳೆ ತಾನೇ' ಎಂದೆ. ಅವನು ಇವನ್ನೆಲ್ಲ ಉತ್ತರ ಎಂದು ಒಪ್ಪಲಿಲ್ಲ, ಮತ್ತೆ ಕೇಳಿದ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪಕ್ಕ ಕೂತಿದ್ದ ಹೆಂಗಸು, ಬುಟ್ಟಿ ತುಂಬ ವೀಳ್ಯದೆಲೆ ಇಟ್ಟುಕೊಂಡವಳು, ಅವನನ್ನು ಮೇಲಿಂದ ಕೆಳಗೆ ನೋಡಿ, ಅವನ ತಲೆಯ ಮೇಲಿಂದ ನನ್ನನ್ನು ಕೇಳಿದಳು.

"ಉಟ್ಟಿದಾಗ್ಲಿಂದ್ಲೂ ಇಂಗೇಯಾ?"

"ಹೂಂ."

"ಪಾಪ. ಮಾತು ಬತ್ತದಾ?"

"ಬರುತ್ತೆ," ಎಂದ ಮಾವ, ಅವಳ ಕಿವಿಯೋಲೆ ನೋಡುತ್ತ. "ನಿಮಗೆ ಜಾಸ್ತಿ ಬರುತ್ತೆ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ನಗುವಿಗೆ ಬುಟ್ಟಿ ಅಲುಗಾಡಿತು. "ನನ್ ಗಂಡನ ಕೈಲಿ ಇದನ್ನ ಯೋಳಾಕೆ ಇಪ್ಪತ್ತೊರ್ಸದಿಂದ ಆಗ್ನಿಲ್ಲ ಕಣವ್ವ" ಎಂದು ಅವನಿಗೆ ಎರಡು ಎಲೆ ಕೊಟ್ಟಳು. ಅವನು ಬೇಡ ಎಂದ. ಅವಳು ಬಲವಂತ ಮಾಡಿದಳು. ಅವನು ಮತ್ತೆ ಬೇಡ ಎಂದ. ಅವನ ಬೇಡ ನಿಜವಾದ ಬೇಡ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಬಸ್ಸು ಬಂತು.

ಯಡಿಯೂರಜ್ಜಿಯ ಮನೆಗೆ ಬೀಗ.

ನಾನು ಬೀಗವನ್ನು ಎಳೆದು ನೋಡಿದೆ. ಪಕ್ಕದ ಮನೆಯ ಹೆಂಗಸು ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು.

"ಅವ್ವಾರು ಗುಬ್ಬಿಗೋದ್ರಲ್ಲವ್ವ, ಫಸ್ಟ್ ಬಸ್ಗೆ. ತಂಗಿ ಮಗಳ ಮದ್ವೆ."

"ಬರಲ್ಲ ಅಂದಿದ್ರಂತೆ?"

ಅವಳು ಮೊರ ನಿಲ್ಲಿಸಿ, ಕಾಲೇಜು ಓದುವ ನನ್ನನ್ನು ಕನಿಕರದಿಂದ ನೋಡಿದಳು. "ಬರಲ್ಲ ಅನ್ದೆ ಇನ್ನೇನಂತಾರೆ? ಕರ್ದೇಟ್ಗೆ ಬತ್ತೀನಿ ಅನ್ನಾಕೆ ಅವ್ರಿಗೇನು ಮಾನ ಇಲ್ವಾ?"

ಬೇಡ ಎಂದರೆ ಬೇಡ ಎಂದುಕೊಳ್ಳುತ್ತಾನೆ ಎಂದು ತಮ್ಮನನ್ನು ಜೀವಮಾನವಿಡೀ ಬೈದ ದೊಡ್ಡ ಮಾವ, ತಮಗೆ ಅನುಕೂಲವಾದ ಕಡೆ ಅದನ್ನೇ ಮಾಡಿದ್ದರು. ಬರಲ್ಲ ಎಂದದ್ದನ್ನು ನಂಬಿದ್ದರು. ನಮ್ಮ ಬಸ್ಸೂ ಯಡಿಯೂರಜ್ಜಿಯ ಬಸ್ಸೂ ಕುಣಿಗಲ್ ರಸ್ತೆಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗಿರಬೇಕು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ನಗತೊಡಗಿದೆ.

"ಬೇಕಾರೆ ಇಲ್ಲೇ ಬುಟ್ಟೋಗವ್ವ," ಎಂದಳು ಪಕ್ಕದ ಮನೆಯವಳು. "ಜಗಲಿ ಮ್ಯಾಲೆ ಇರ್ತಾನೆ. ನಾವೇನ್ ವೊಸಬ್ರಾ?"

ಇಲ್ಲಿ ನಾನು 'ಬೇಡ, ಇವನು ತಂಗಿಯ ಮದುವೆಗೆ ಬರುತ್ತಾನೆ' ಎಂದು ದೃಢವಾಗಿ ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಒಂದು ಸಲ ಹಾಗೆ ಬರೆದೂ ಇದ್ದೆ. ಆದದ್ದು ಬೇರೆ. ನಾನು ಉತ್ತರ ಹುಡುಕುತ್ತಿರುವಾಗ ಮಾವ "ಬೀಗ ಹಾಕಿದೆ. ಹೋಗೋಣ" ಎಂದು ಹೊರಟೇಬಿಟ್ಟಿದ್ದ. ನಾನು ಅವನ ಹಿಂದೆ ಓಡಿದೆ.

ಅವನು ಮೊದಲು ಹೋದದ್ದು ದಾಸೋಹಕ್ಕೆ, ಊಟದ ಹೊತ್ತಾಗಿತ್ತು. ಅಲ್ಲಿ ಯಾರೂ ಅವನನ್ನು ಮೇಲಿಂದ ಕೆಳಗೆ ನೋಡಲಿಲ್ಲ. "ಬಂದ್ಯಾ? ತಗೋ, ಆ ಕಡೆ ಸಾಲು ನಿಂದು" ಎಂದು ಒಬ್ಬರು ಬಕೆಟ್ಟು ಚಾಚಿದರು. ನಾನು ಸಾಲಿನಲ್ಲಿ ಕೂತೆ. ಮನೆಯಲ್ಲಿ ಬಾಗಿಲ ಚಿಲಕದ ಸದ್ದಿಗೂ ಬೆಚ್ಚುವವನು, ಅಷ್ಟು ತಟ್ಟೆಗಳ ಸದ್ದಿನ ನಡುವೆ ಕಿವಿಗೆ ಹತ್ತಿ ತುರುಕಿಕೊಂಡು, ಒಂದೇ ನಡಿಗೆಯಲ್ಲಿ ಬರುತ್ತಿದ್ದ. ಒಂದು ಸೌಟು, ಒಂದು ಹೆಜ್ಜೆ. ಎರಡನೆಯ ಸುತ್ತಿಗೆ ನನ್ನ ಮುಂದೆ ಬಂದಾಗ ಅಭ್ಯಾಸಬಲದಿಂದ ಕೈ ಅಡ್ಡ ಇಟ್ಟು 'ಸಾಕು' ಎಂದೆ. ಅವನು ಮುಂದಕ್ಕೆ ಹೋದ. ಹಸಿವು ಹಾಗೇ ಇತ್ತು. ಅವನು ತಿರುಗಿ ಬರುವಾಗ, ನೆಂಟರಿಷ್ಟರ ಯಾವ ಪಂಕ್ತಿಯಲ್ಲೂ ಆಡದ ಮಾತನ್ನು ಆಡಿದೆ. "ಮಾವ, ಇನ್ನೂ ಬೇಕು." ಅವನು ಹಾಕಿದ. ಅದರಲ್ಲಿ ಏನೂ ನಡೆಯಲಿಲ್ಲ, ಅವಮಾನವಿಲ್ಲ, ಉಪಕಾರವಿಲ್ಲ. ಅಷ್ಟು ಹಗುರವಾಗಿ ನಾನು ಯಾವತ್ತೂ ಉಂಡಿರಲಿಲ್ಲ.

ಗುಬ್ಬಿಗೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಮನೆ ಮುಂದಿನ ಚಪ್ಪರದಲ್ಲಿ ಬೀಗರು ಆಗಲೇ ಪಂಕ್ತಿಗೆ ಕೂತಿದ್ದರು. ಗಂಡಿನ ಕಡೆಯವರಿಗೆ ಹೆಣ್ಣಿನ ಮನೆಯ ಮೊದಲ ಊಟ ಅದು; ಮುನಿಸಿಕೊಳ್ಳುವುದಾದರೆ ಅಲ್ಲೇ ಮುನಿಸಿಕೊಳ್ಳುತ್ತಾರೆ. ಅದಕ್ಕೆಂದೇ ಪ್ರತಿ ಬೀಗರ ಗುಂಪಿನಲ್ಲಿ ಒಬ್ಬರು ಇರುತ್ತಾರೆ. ಇವರಲ್ಲಿ ವರನ ಚಿಕ್ಕಪ್ಪ. ಪಂಕ್ತಿಯ ತುದಿಯಲ್ಲಿ ವರನ ತಂದೆಯ ಸ್ನೇಹಿತರೊಬ್ಬರಿದ್ದರು, ಶಿರಾ ಗೇಟಿನಲ್ಲಿ ಅವರ ಅಂಗಡಿಯ ಪಕ್ಕದಲ್ಲೇ ಹಾಸಿಗೆ ಹೊಲಿಯುವ ಸಾಹೇಬರು.

ಒಳಗೆ ಯಡಿಯೂರಜ್ಜಿ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೂತಿದ್ದಳು. ಅವಳನ್ನು ನೋಡಿದಾಗಿನಿಂದ ದೊಡ್ಡ ಮಾವ ಬಾಗಿಲಿಗೂ ಚಪ್ಪರಕ್ಕೂ ಅಲೆದಾಡುತ್ತಿದ್ದರಂತೆ. ನಮ್ಮನ್ನು ಕಂಡವರೇ ನಿಂತಲ್ಲೇ ನಿಂತರು. ಬೀಗರು ಎದುರಿಗಿದ್ದರು, ದನಿ ಎತ್ತುವ ಹಾಗಿರಲಿಲ್ಲ. ಮಾವ ಕೈಕಾಲು ತೊಳೆದು, ಒಬ್ಬಟ್ಟಿನ ಬುಟ್ಟಿ ಎತ್ತಿಕೊಂಡು, ಸಾಲಿನ ಮೊದಲಿಗೆ ಹೋದ. ದೊಡ್ಡ ಮಾವ ಹಲ್ಲು ಕಚ್ಚಿಕೊಂಡು ನಗುಮುಖದಲ್ಲಿ "ಬುಡ್ಲಾ, ಕೆಳಗಿಡ್ಲಾ" ಎಂದು ಪಿಸುಗುಟ್ಟಿದ್ದು ನನಗೆ ಕೇಳಿತು.

ಎಲ್ಲರಿಗೂ ಒಂದೊಂದು ಒಬ್ಬಟ್ಟು ಬಿತ್ತು. ಎರಡನೆಯ ಸುತ್ತಿಗೆ ಬೀಗರು ರೂಢಿಯಂತೆ ಎಲೆಯ ಮೇಲೆ ಕೈ ಅಡ್ಡ ಇಟ್ಟು 'ಬೇಡ ಬೇಡ' ಎಂದರು. ಆ ಕೈಯನ್ನು ಸರಿಸಿ, ಬೆರಳ ಸಂದಿಯಿಂದಲಾದರೂ ಹಾಕಬೇಕು, ಅದು ಮರ್ಯಾದೆ. ಮಾವ ಮುಂದೆ ಹೋದ. ಮುಂದಿನವರೂ ಕೈ ಅಡ್ಡ ಇಟ್ಟರು. ಅವನು ಮುಂದೆ ಹೋದ. ವರನ ಚಿಕ್ಕಪ್ಪ ಎರಡೂ ಕೈ ಅಡ್ಡ ಇಟ್ಟು, ಬಲವಂತಕ್ಕೆ ಸಿದ್ಧವಾಗಿ ಕಣ್ಣು ಮುಚ್ಚಿ, ದೇಹವನ್ನು ಹಿಂದಕ್ಕೆ ಎಳೆದುಕೊಂಡು, "ಆಗಲ್ಲ, ಆಗಲ್ಲ, ಒಂದು ಚೂರೂ ಆಗಲ್ಲ" ಎಂದರು. ಕಣ್ಣು ಬಿಟ್ಟಾಗ ಬುಟ್ಟಿ ಪಕ್ಕದ ಮೂರು ಎಲೆ ದಾಟಿತ್ತು. ಬೆಲ್ಲದ ಘಮ ಮಾತ್ರ ಅಲ್ಲಿತ್ತು.

ಹಸಿದವರ ಮುಂದಿನಿಂದ ಒಬ್ಬಟ್ಟು ಮೆರವಣಿಗೆ ಹೋಗಿ ವಾಪಸ್ಸು ಬಂದಿತ್ತು.

"ಯಾರ್ರೀ ಇವನು?" ಎಂದರು ಚಿಕ್ಕಪ್ಪ.

ದೊಡ್ಡ ಮಾವ ನನ್ನ ಕಡೆ ನೋಡಿದರು, ಚಪ್ಪರದ ಕಂಬ ನೋಡಿದರು. "ಅಡಿಗೆಯವ್ರ ಕಡೆಯವ್ನು," ಎಂದರು.

"ಅಲ್ಲ," ಎಂದ ಮಾವ. ಅವನಿಗೆ ಕೋಪವೇನೂ ಬಂದಿರಲಿಲ್ಲ. ತಪ್ಪಾಗಿ ಇಟ್ಟ ಲೋಟವನ್ನು ಸರಿಯಾಗಿ ಇಡುವ ಹಾಗೆ ಹೇಳಿದ. "ಅಡಿಗೆಯವ್ರ ಕಡೆ ಅಲ್ಲ. ನಾನು ಇವ್ರ ತಮ್ಮ. ಮದುವೆ ಹುಡುಗಿಗೆ ಅಣ್ಣ. ನನ್ನ ಯಡಿಯೂರ್ಗೆ ಕಳಿಸಿದ್ರು. ಅಲ್ಲಿ ಬೀಗ ಹಾಕಿತ್ತು. ವಾಪಸ್ ಬಂದೆ."

ಒಳಗೆ ಬಾಗಿಲ ಸಂದಿಯಲ್ಲಿ ಚಿಕ್ಕಮ್ಮ ನಿಂತಿದ್ದಳು. ಮದುವೆ ಮುರಿಯುವುದಾದರೆ ಈಗಲೇ ಮುರಿಯುತ್ತದೆ ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಗೊತ್ತಿಲ್ಲದವನು ಬುಟ್ಟಿ ಹಿಡಿದು, ಮೂರನೆಯ ಸುತ್ತಿಗೆ ಹೊರಡಬೇಕೋ ಬೇಡವೋ ಎಂದು ಕಾಯುತ್ತಿದ್ದ.

ಮುಂದಿನದಕ್ಕೆ ನಮ್ಮ ಮನೆಯಲ್ಲಿ ಎರಡು ಪಾಠಾಂತರಗಳಿವೆ. ಚಿಕ್ಕಮ್ಮನ ಪ್ರಕಾರ ಮೊದಲು ಮಾತಾಡಿದ್ದು ವರನ ಅಜ್ಜಿ. 'ಎಷ್ಟು ಮದುವೆ ಉಂಡೆ, ಸಾಕು ಅಂದಿದ್ದನ್ನ ಸಾಕು ಅಂತ ಕೇಳಿಸ್ಕೊಂಡೋನು ಇವನೊಬ್ಬನೇ' ಎಂದಳಂತೆ. ಆ ಅಜ್ಜಿ ಹಾಗೆ ಹೇಳಿದ್ದರೆ ಅದು ಮರುದಿನ ಇರಬೇಕು. ನಾನು ಕೇಳಿದ್ದು ಪಂಕ್ತಿಯ ತುದಿಯಿಂದ ಬಂದ ಸಾಹೇಬರ ದನಿ.

"ತಮ್ಮಾ, ಇತ್ಲಾಗ್ ಬಾಪ್ಪ. ನಿಮ್ಮಣ್ಣ ಹೇಳಿದ್ದು ಸುಳ್ಳಾ?"

"ಹೂಂ, ಸುಳ್ಳು."

"ನಾನು ಬೇಡ ಅಂದಿದ್ದೂ ಸುಳ್ಳೇ ಕಣಪ್ಪ. ಮಧ್ಯಾಹ್ನದಿಂದ ಹೊಟ್ಟೆ ಖಾಲಿ ಇಟ್ಕೊಂಡು ಬಂದಿದೀನಿ. ಇನ್ನೆರಡು ಹಾಕು."

ಮಾವ ಹಾಕಿದ.

ಮೊದಲು ನಕ್ಕವರು ವರನ ತಂದೆ. ನಗುತ್ತಲೇ "ಹಂಗಾರೆ ನನಗೂ ಒಂದು" ಎಂದರು. ಅವರ ಪಕ್ಕದವರು ಕೇಳಿದರು. ಆಮೇಲೆ ಸಾಲು ತಡೆಯಲಿಲ್ಲ. ಇಸ್ತ್ರಿ ಪಂಚೆ, ಜರಿ ಶಲ್ಯದ ದೊಡ್ಡ ಮನುಷ್ಯರು, ಜೀವನದಲ್ಲಿ ಮೊದಲ ಸಲ ಬೀಗರ ಮನೆಯಲ್ಲಿ ಬಾಯಿಬಿಟ್ಟು "ಇಲ್ಲಿಗೊಂದು", "ನನಗೆ ಅರ್ಧ ಅಷ್ಟೇ", "ತುಪ್ಪ ಎಲ್ಲಪ್ಪ" ಎಂದು ಕೇಳತೊಡಗಿದರು. ಅರ್ಧ ಎಂದವರಿಗೆ ಅರ್ಧವೇ ಬಿತ್ತು. ಹೆಂಗಸರ ಪಂಕ್ತಿಯಿಂದ "ಗಂಡಸ್ರಿಗೆ ಮಾತ್ರನಾ? ನಮ್ಗೂ ಬೇಕು" ಎಂಬ ಕೂಗು ಬಂತು. ವರನ ಚಿಕ್ಕಪ್ಪ ಕೊನೆಯವರೆಗೂ ಬಿಗಿದುಕೊಂಡಿದ್ದರು. ಮಾವ ಅವರ ಮುಂದೆ ನಿಂತು, ಅವರ ಕಿವಿ ನೋಡುತ್ತ "ನಿಮ್ದು ನಿಜವಾದ ಬೇಡವಾ?" ಎಂದು ಕೇಳಿದ. ಅವರು ಎಲೆ ನೋಡಿದರು. "ಹಾಕಯ್ಯ" ಎಂದರು.

ಇಲ್ಲಿ ನಿಲ್ಲಿಸಿದರೆ ಇದು ಒಂದು ಮುದ್ದಾದ ಕತೆ. ಆದರೆ ಊಟವಾದ ಮೇಲೆ ವರನ ತಂದೆ ದೊಡ್ಡ ಮಾವನನ್ನು ಚಪ್ಪರದಾಚೆಗೆ ಕರೆದುಕೊಂಡು ಹೋದರು. ಅಡಿಕೆ ತಟ್ಟೆ ಹಿಡಿದು ಹಿಂದೆಯೇ ಹೋಗಿದ್ದ ಅಮ್ಮ ಕೇಳಿಸಿಕೊಂಡಳು.

"ಮುಂಚೆನೇ ಹೇಳ್ಬೋದಾಗಿತ್ತಲ್ಲ, ಗೌಡ್ರೆ."

"ಹೇಳಿದ್ರೆ ನೀವು ಬರ್ತಿದ್ರಾ?"

ಅವರು ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಿಸಿದರು. "ಬರ್ತಿರ್ಲಿಲ್ಲ," ಎಂದರು. "ಈಗ ಬಂದಾಯ್ತು. ಕೇಳ್ಕೊಂಡು ಉಂಡಾಯ್ತು. ಎದ್ದು ಹೋಗು ಅಂದ್ರೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಒಪ್ಪಿದ್ದು ಹಾಗೆ. ಮನಸ್ಸು ದೊಡ್ಡದಾಗಿ ಒಪ್ಪಿದರೋ, ಒಬ್ಬಟ್ಟಿನ ದಾಕ್ಷಿಣ್ಯಕ್ಕೆ ಒಪ್ಪಿದರೋ, ಎರಡರ ನಡುವೆ ಎಲ್ಲಿ ಗೆರೆ ಎಳೆಯುವುದೆಂದು ನನಗೆ ಗೊತ್ತಿಲ್ಲ. ಮುಂದೆ ಚಿಕ್ಕಮ್ಮ ಬಸುರಿಯಾದಾಗ ಅವಳ ಅತ್ತೆ ಕಂಡ ದೇವರಿಗೆಲ್ಲ ಹರಕೆ ಹೊತ್ತದ್ದೂ ಉಂಟು. ಇನ್ನು ನಮ್ಮ ಬೀದಿಯಲ್ಲಿ ಮಾವ ಎಂಬತ್ತರ ದಶಕದ ಹೊತ್ತಿಗೆ 'ದೇವರಂಥ ಮನುಷ್ಯ' ಆಗಿಬಿಟ್ಟ. ಅರೆಹುಚ್ಚ ಎಂದ ಬಾಯಿಗಳೇ ಹಾಗೆ ಹೇಳಿದವು. ಮದುವೆಗಳಿಗೆ ಅವನನ್ನು ಬಡಿಸಲು ಕರೆಯುತ್ತಿದ್ದರು, ಎಲೆಯ ಮೇಲೆ ಕೈ ಇಟ್ಟು ಅವನು ಏನು ಮಾಡುತ್ತಾನೆಂದು ಬೇಕೆಂದೇ ನೋಡಿ ನಗುತ್ತಿದ್ದರು. ಅವನಿಗೆ ಬೇಕಾದರೆ ಹೋಗುತ್ತಿದ್ದ. ಬೇಡವಾದರೆ "ಬೇಡ" ಎನ್ನುತ್ತಿದ್ದ. ದೇವರಿಗೂ ಹುಚ್ಚನಿಗೂ ನಡುವೆ ಮಾಮೂಲಿ ಮನುಷ್ಯರು ಕೂರುವ ಜಗಲಿಯೊಂದು ಇರುತ್ತದಲ್ಲ, ಅಲ್ಲಿ ಅವನನ್ನು ಕೂರಿಸಲು ಊರಿಗೆ ಯಾಕೋ ಕಷ್ಟವಾಗುತ್ತಿತ್ತು.

ಆದರೆ ಮದುವೆಯ ದಿನ ಇವು ಯಾವುವೂ ಇನ್ನೂ ಆಗಿರಲಿಲ್ಲ. ಧಾರೆಯ ಹೊತ್ತಿಗೆ ಓಲಗ ಜೋರಾದಾಗ ಮಾವ ಹಿತ್ತಲಿಗೆ ಹೋಗಿ ಕೊಟ್ಟಿಗೆಯಲ್ಲಿ ಕೂತಿದ್ದ. ತಾಳಿ ಕಟ್ಟಿದ್ದನ್ನು ಅವನು ನೋಡಲಿಲ್ಲ, ಅವನಿಗೆ ಅದರ ಕೊರಗೂ ಇರಲಿಲ್ಲ. ಓಲಗ ನಿಂತ ಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು, ಶುಭ್ರವಾದ ಪಂಚೆ ಉಟ್ಟು, ನೇರವಾಗಿ ಅಡಿಗೆಮನೆಗೆ ಬಂದು "ನಾನ್ ಬಡಿಸ್ತೀನಿ" ಎಂದ. ದೊಡ್ಡ ಮಾವ ಬುಟ್ಟಿ ಎತ್ತಿ ಅವನ ಕೈಗೆ ಕೊಟ್ಟರು.

ಮದುಮಕ್ಕಳು ಪಂಕ್ತಿಯ ನಡುವೆ, ಬೆಳ್ಳಿ ತಟ್ಟೆಗಳ ಮುಂದೆ ಕೂತಿದ್ದರು. ಮದುಮಗಳು ಹೆಚ್ಚು ತಿನ್ನಬಾರದು, ಎದುರಿಗೆ ಅತ್ತೆ ಮನೆಯವರೆಲ್ಲ ಇರುತ್ತಾರೆ. ಚಿಕ್ಕಮ್ಮ ಹಿಂದಿನ ದಿನದಿಂದ ಉಪವಾಸವಿದ್ದಳು. ಮಾವ ಬಂದು ಒಂದು ಒಬ್ಬಟ್ಟು ಹಾಕಿದ. ಎರಡನೆಯದಕ್ಕೆ ಅವಳು ತಲೆ ತಗ್ಗಿಸಿ, ಬಳೆ ತುಂಬಿದ ಕೈ ಅಡ್ಡ ಇಟ್ಟಳು. ಅವನು ಮುಂದಕ್ಕೆ ಹೋದ. ಅತ್ತೆಯ ಕಡೆಯ ಹೆಂಗಸರು ಸೊಸೆಯ ನಡತೆ ಮೆಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಚಿಕ್ಕಮ್ಮ ಕೈ ಚಾಚಿ ಅವನ ಪಂಚೆಯ ಅಂಚು ಹಿಡಿದುಕೊಂಡಳು. ಅವನಿಗೆ ಯಾರಾದರೂ ಮುಟ್ಟಿದರೆ ಆಗುತ್ತಿರಲಿಲ್ಲ, ಬಟ್ಟೆ ಹಿಡಿಯಬಹುದಿತ್ತು. ಅದು ಅವಳಿಗೆ ಗೊತ್ತಿತ್ತು.

"ಅಣ್ಣ, ಹೊಟ್ಟೆ ಹಸೀತಿದೆ. ಇನ್ನೂ ಹಾಕು."

ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದಳು. ಮಾವ ಹಿಂದಿರುಗಿ ಬಂದು, ಬುಟ್ಟಿಯನ್ನು ಅವಳ ಪಕ್ಕದಲ್ಲಿ ಇಳಿಸಿ, ಅವಳು ಸಾಕು ಎನ್ನುವವರೆಗೂ ಹಾಕಿದ. ಅವಳು ಬೇಗ ಸಾಕು ಎನ್ನಲಿಲ್ಲ.